ಮೆಟ್ಟಿಲ ಹಿಂದಿನ ನೆಲ

“ಆಟದ ಮೊದಲನೇ ಭಾಗದ ಹಾಗೆ ಈ ಎರಡನೇ ಭಾಗದ ಊರನ್ನೂ ನಾನೊಬ್ಬನೇ ಕಟ್ಟಿದ್ದು,” ಎಂದು ಗೇಮ್ ಕಂಪನಿಯ ಯಜಮಾನ ಎಫ್ರಾಯಿನ್ ಕ್ಯಾಮೆರಾದ ಮುಂದೆ ಹೇಳಿದಾಗ ಯಾದಿರಾ ಕಂಟ್ರೋಲರನ್ನು ಅವನ ಕೈಗಿಟ್ಟಳು. ಅವನ ಬಳಿ ಕೆಲಸಕ್ಕಿದ್ದಾಗ ಮೊದಲ ಭಾಗದ ಆ ಮಂಗಳಗ್ರಹದ ಊರನ್ನು ಓಣಿ ಓಣಿಯಾಗಿ ಕಟ್ಟಿದವಳು ಅವಳು. ಆಟದ ಕೊನೆಗೆ ಬಂದ ಹೆಸರುಗಳಲ್ಲಿ ಮಾತ್ರ ಅವಳದಿರಲಿಲ್ಲ. ಈಗ ಮೆಕ್ಸಿಕೋದ ಗ್ವಾದಲಹಾರದಲ್ಲಿ ವಿಡಿಯೋ ಗೇಮ್‌ಗಳ ವಿಮರ್ಶೆ ಮಾಡುತ್ತಾಳೆ, ಅದೂ ನೇರಪ್ರಸಾರದಲ್ಲಿ.

“ಒಳ್ಳೇದು ಮೊದಲು ಹೇಳ್ತೀನಿ, ಯಜಮಾನ್ರೇ. ಈ ಸಲ ಬಂದೂಕಿಗೆ ತೂಕ ಬಂದಿದೆ. ಯಂತ್ರಗಳು ಸುತ್ತುವರಿದು ಬಂದರೆ ಬೆವರಿಳಿಯುತ್ತೆ.”

“ನಿನ್ನ ಬಾಯಲ್ಲೂ ಹೊಗಳಿಕೆ ಬರುತ್ತಾ ತಾಯಿ? ಇವತ್ತು ಟಕೀಲಾ ಖರ್ಚು ನಂದು.”

“ಕೆಟ್ಟದ್ದೂ ಕೇಳಿ. ನೆಲ ಗಟ್ಟಿಯಿಲ್ಲ. ಆ ನೀರಿನ ತೊಟ್ಟಿಯ ಮೆಟ್ಟಿಲ ಹಿಂದೆ ಒಂದು ಸಲ ಹಾರಿ, ನೋಡೋಣ.”

ಅವನು ನಗುತ್ತಲೇ ಆಟದೊಳಗಿನ ತನ್ನ ಯೋಧನನ್ನು ಹಾರಿಸಿದ. ನೆಲ ಬಾಯಿಬಿಟ್ಟು ಯೋಧ ಊರಿನ ಅಡಿಯ ಕೋಣೆಗೆ ಬಿದ್ದ. ಮೊದಲ ಭಾಗ ಕಟ್ಟುವಾಗ ಬಂದೂಕು ಪರೀಕ್ಷಿಸಲು ಯಾದಿರಾ ಮಾಡಿ, ಬಿಡುಗಡೆಗೆ ಮುಂಚೆ ಅಳಿಸಬೇಕಿದ್ದ ಕೋಣೆ ಅದು. ಹಳೆಯ ಊರನ್ನು ಹಾಗೇ ಎತ್ತಿ ಎರಡನೇ ಭಾಗಕ್ಕೆ ತಂದವರು ಅಡಿಯನ್ನು ನೋಡಿರಲಿಲ್ಲ. ನಡುವೆ ತೆಹುಯಿನೋ ಪಾನಕದ ಗಾಡಿಯೊಂದು ನಿಂತಿತ್ತು. ಅದರ ಹಲಗೆಯ ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ಈ ಊರು ಕಟ್ಟಿದವಳು ಯಾದಿರಾ.’

ಎಫ್ರಾಯಿನ್ ಸಿಕ್ಕ ಸಿಕ್ಕ ಬಟನ್ ಒತ್ತಿದ. ಆ ಕೋಣೆಗೆ ಅವಳು ಬಾಗಿಲು ಇಟ್ಟಿರಲಿಲ್ಲ.

“ಹೊರಗೆ ಬರೋದು ಹೇಗೆ?” ಎಂದು ಪಿಸುಗುಟ್ಟಿದ.

ಯಾದಿರಾ ಮೈಕನ್ನು ಅವನ ಬಾಯಿಯ ಹತ್ತಿರ ಸರಿಸಿದಳು. “ಊರು ಕಟ್ಟಿದವರನ್ನ ಕೇಳಿ, ಯಜಮಾನ್ರೇ. ಹೆಸರು ಹಲಗೆ ಮೇಲಿದೆ. ಜೋರಾಗಿ ಓದಿ.”