ಐದು ಸ್ಟಾರ್ ಮದರ್‌ಬೋರ್ಡ್

ಅಪ್ಪ ಏನೋ ಮುಚ್ಚಿಡುತ್ತಿದ್ದಾನೆಂದು ಅವಳಿಗೆ ಗೊತ್ತಾಗಿಹೋಯಿತು. ಏನೆಂದು ಮಾತ್ರ ಗೊತ್ತಾಗಲಿಲ್ಲ.

"ಆ ಮದರ್‌ಬೋರ್ಡ್ ಬೇಡ," ಅಂದ ಅವನು, ಮುಖ ಕೊಡದೆ. "ಪ್ರೊಸೆಸರ್‌ಗೆ ಕರೆಂಟ್ ಕೊಡೋ ಭಾಗ ಕಾದು ಕೆಂಡ ಆಗುತ್ತೆ. ಶಾಖ ಎಳೆಯೋಕೆ ಮೇಲೊಂದು ಸರಿಯಾದ ತಗಡೂ ಹಾಕಿಲ್ಲ."

"ನಿನಗೆ ಯಾರು ಹೇಳಿದ್ದು?"

"ಎಲ್ಲೋ ಓದಿದೆ."

ಎಲ್ಲೋ ಓದಿದನಂತೆ! ಅವಳು ಕಂಪ್ಯೂಟರಿನಲ್ಲಿ ಆಡಲು ಕೂತರೆ "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಗೊಣಗುವವನು, ಅವಳ ಕೋಣೆಯ ಹೊಸ್ತಿಲನ್ನೇ ದಾಟದವನು, ಮದರ್‌ಬೋರ್ಡಿನ ಬಗ್ಗೆ ಓದಿದನಂತೆ. ಕೆಲಸಕ್ಕಿದ್ದ ಪ್ರೆಸ್ಸು ಮುಚ್ಚಿದ ಮೇಲೆ ಅಪ್ಪ ಮನೆಯಲ್ಲೇ ಕೂತು ಕರಡು ತಿದ್ದಿಕೊಡುತ್ತಿದ್ದ. ಗೋಡೆಯಾಚೆಯಿಂದ ಸದಾ ಕೀಬೋರ್ಡಿನ ಟಕಟಕ. ಮನೆಯಲ್ಲಿ ಇರುವವರು ಇಬ್ಬರೇ, ಇಬ್ಬರ ನಡುವೆ ಆ ಸದ್ದಿನಷ್ಟು ಮಾತೂ ಇರಲಿಲ್ಲ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಅರೆಯುವವಳು. ಆರು ವರ್ಷ ದೂಳು ಕುಡಿದು ಸಾಕಾಗಿತ್ತು. ಸಂಬಳ ಕೊಟ್ಟು ಆಡಿಸುವ ಗೇಮಿಂಗ್ ತಂಡವೊಂದರಲ್ಲಿ ಒಂದು ಜಾಗ ಖಾಲಿಯಿತ್ತು. ಭಾನುವಾರ ಪರೀಕ್ಷೆಯ ಪಂದ್ಯ. ಮನೆಯ ಹಳೇ ಡಬ್ಬಾ ಕಂಪ್ಯೂಟರಿನಲ್ಲಿ ಅದು ಆಗದ ಮಾತು. ಹೊಸದಕ್ಕೆ ಉಳಿದೆಲ್ಲ ಬಿಡಿಭಾಗ ಬಂದಿದ್ದವು, ಬೋರ್ಡೊಂದೇ ಬಾಕಿ.

ಅದಕ್ಕಾಗಿ ಮೂರು ತಿಂಗಳು ಹುಡುಕಿದ್ದಳು. ಅಗ್ಗದ್ದರಲ್ಲಿ ಮೆಮೊರಿ ಸಿಕ್ಕಿಸಲು ಎರಡೇ ಜಾಗ. ದುಬಾರಿಯದರಲ್ಲಿ ಬಣ್ಣದ ದೀಪಗಳು; ದೀಪ ಕಟ್ಟಿಕೊಂಡು ಅವಳಿಗೇನಾಗಬೇಕು? ನಡುವಿನ ದರದ ಇದೇ ಸರಿ ಅನ್ನಿಸಿತ್ತು. ಕೊನೆಗೆ ಮನಸ್ಸು ಗಟ್ಟಿ ಮಾಡಿದ್ದು "ಅನುಭವಿ" ಎಂಬ ಹೆಸರಿನವರ ಒಂದು ರಿವ್ಯೂ. ಐದಕ್ಕೆ ಐದು ಸ್ಟಾರ್.

"ಮಗಳಿಗಾಗಿ ಕೊಂಡೆ. ಅವಳು ಮೌಸ್ ಹಿಡಿಯುವುದು ಎಡಗೈಯಲ್ಲಿ. ಗೆಲ್ಲುವ ಹೊತ್ತಿಗೆ ಉಸಿರು ಬಿಗಿಹಿಡಿಯುತ್ತಾಳೆ. ಬಾಗಿಲಲ್ಲಿ ನಿಂತು ನೋಡುವುದೇ ನನಗೊಂದು ಸಂತೋಷ. ಎರಡು ವರ್ಷವಾಯಿತು, ಬೋರ್ಡು ಒಂದು ದಿನವೂ ಕೈಕೊಟ್ಟಿಲ್ಲ."

ಅವಳೂ ಎಡಚಿಯೇ. ಕಾಣದ ಆ ಹುಡುಗಿಯ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಗಿತ್ತು. ಯಾವ ಜನ್ಮದ ಪುಣ್ಯವೋ, ಇಂಥ ಅಪ್ಪ ಸಿಕ್ಕಿದ್ದಾನೆ!

ಈಗ ಆ ರಿವ್ಯೂವನ್ನೇ ಫೋನಿನಲ್ಲಿ ತೆಗೆದು ಅಪ್ಪನ ಮುಂದೆ ಹಿಡಿದಳು. ಅವಳೇ ಅರೆದುಕೊಟ್ಟ ಗಾಜಿನ ಕನ್ನಡಕ ಏರಿಸಿಕೊಂಡು ಓದಿದ. ಮತ್ತೊಮ್ಮೆ ಓದಿದ. ಮುಖ ಬಾಡಿತು.

"ಬರೆದದ್ದೆಲ್ಲ ನಿಜ ಅಂತ ನಂಬ್ತೀಯಾ?"

"ನಿನಗಿಂತ ಇವರನ್ನೇ ನಂಬ್ತೀನಿ. ಮಗಳ ಬಗ್ಗೆ ಹೆಂಗೆ ಬರೆದಿದ್ದಾರೆ ನೋಡು. ನಾನು ಯಾವ ಕೈಲಿ ಮೌಸ್ ಹಿಡೀತೀನಿ? ಹೇಳು ನೋಡೋಣ."

ಅಪ್ಪ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ.

"ಗೊತ್ತಿಲ್ಲ, ಅಲ್ವಾ?"

"ಅದರ ಮೇಲಿನ ದರದ್ದು ತಗೋ ಪುಟ್ಟಿ," ಅಂದ ಅಪ್ಪ. "ಹೆಚ್ಚಿಗೆ ಬೀಳೋದನ್ನ ನಾನು ಕೊಡ್ತೀನಿ."

ಅಲ್ಲಿಗೆ ಅವಳ ಅನುಮಾನ ಗಟ್ಟಿಯಾಯಿತು. ಒಂದು ಚಪ್ಪಲಿಗೂ ನಾಲ್ಕು ಅಂಗಡಿ ಅಲೆಯುವವನು ಈಗ ಕರ್ಣನಾಗಿದ್ದಾನೆ! ಮೇಲಿನ ದರದ್ದು ಊರಲ್ಲಿ ಸಿಗದು, ತರಿಸಿದರೆ ಹತ್ತು ದಿನ. ಅಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ, ಮಗಳು ಗಾಜು ಅರೆಯುತ್ತಲೇ ಇರುತ್ತಾಳೆ. ಇದೇ ಇವನ ಲೆಕ್ಕ.

ಮಾರನೆಯ ದಿನ ನೋಡಿದರೆ ಆ ರಿವ್ಯೂ ಮಾಯವಾಗಿತ್ತು. ಬೇರೆ ಕಂಪನಿಯವರದ್ದೇ ಕಿತಾಪತಿ ಅಂದುಕೊಂಡಳು. ಒಳ್ಳೆಯವರಿಗೆ ಎಲ್ಲಿ ಕಾಲ? ಹಟ ಇನ್ನೂ ಹೆಚ್ಚಿತು. ಸಂಜೆಯೇ ಹೋಗಿ ಅದೇ ಬೋರ್ಡ್ ತಂದಳು.

ಜೋಡಿಸುವಾಗ ಅಪ್ಪ ಹೊಸ್ತಿಲಾಚೆ ಬಂದು ನಿಂತ. "ಅದರ ಕಡೆ ಒಂದು ಫ್ಯಾನ್ ಆದ್ರೂ ಇಟ್ಕೋ."

ಅವಳು ಕಾಲಿನಿಂದಲೇ ಬಾಗಿಲು ದೂಡಿದಳು.

ಭಾನುವಾರ ಮಧ್ಯಾಹ್ನ ಮೊದಲೆರಡು ಸುತ್ತು ಅವಳದ್ದೇ. ಇನ್ನೊಂದು ಗೆದ್ದರೆ ಜಾಗ ಖಾಯಂ. ಮೂರನೆಯದರ ಅರ್ಧದಲ್ಲಿ ಪರದೆ ತಡವರಿಸಿತು. ಒಂದು ಕ್ಷಣ ನಿಂತಿತು, ಎಗರಿತು, ಮತ್ತೆ ನಿಂತಿತು. ಮೂರನೆಯದು ಹೋಯಿತು, ನಾಲ್ಕನೆಯದು ಹೋಯಿತು. ಐದನೆಯದರಲ್ಲಿ ಅವಳು ಬರೀ ನೋಡುತ್ತ ಕೂತಿದ್ದಳು.

"ಆಟ ಚೆನ್ನಾಗಿದೆ," ಎಂದು ತಂಡದ ನಾಯಕ ಹೆಡ್‌ಫೋನಿನಲ್ಲಿ ಹೇಳಿದ. "ಆದ್ರೆ ಇಂಥ ಮಷೀನ್ ಇಟ್ಕೊಂಡು ಬರೋರನ್ನ ಹೆಂಗೆ ನಂಬೋದು? ಬೇರೆಯವರನ್ನ ನೋಡ್ತೀವಿ."

ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಪ್ರೊಸೆಸರಿನ ಪಕ್ಕ ಬೆರಳಿಟ್ಟಳು. ಚುರ್ರೆಂದಿತು. ಬೆರಳು ಬಾಯಿಗಿಟ್ಟುಕೊಂಡು ಅತ್ತಳು.

ಬಾಗಿಲು ಬಡಿದ ಸದ್ದು. "ಏನಾಯ್ತು ಪುಟ್ಟಿ?"

"ಸೋತೆ. ನಿನ್ನ ಬಾಯಿಹರಕೆ ಫಲಿಸ್ತು. ಸಂತೋಷನಾ?" ಎದ್ದು ಚಿಲಕ ಹಾಕಿಕೊಂಡಳು.

ಸಿಟ್ಟೆಲ್ಲ ಈಗ "ಅನುಭವಿ"ಯ ಮೇಲೆ ತಿರುಗಿತು. ರಿವ್ಯೂ ಹೋಗಿದ್ದರೂ ಹೆಸರು ಅಲ್ಲೇ ಇತ್ತು. ಅದರ ಕೆಳಗೆ ಮಿಕ್ಸಿ, ಹಾಸಿಗೆ, ಇಸ್ತ್ರಿಪೆಟ್ಟಿಗೆಯ ರಿವ್ಯೂಗಳು. ಎಲ್ಲಕ್ಕೂ ಐದು ಸ್ಟಾರ್. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ತನ್ನ ಆಟದ ಹೆಸರಿನಿಂದ ಅವರಿಗೇ ಬರೆದಳು: "ನಿಮ್ಮ ಮಾತು ನಂಬಿ ಆ ಮದರ್‌ಬೋರ್ಡ್ ಕೊಂಡು ಕೆಟ್ಟೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಎಡಗೈ ಮಗಳು ನಿಜವಾಗಿ ಇದ್ದಾಳಾ, ಇಲ್ಲಾ ಅವಳೂ ಸುಳ್ಳಾ?"

ಗೋಡೆಯಾಚೆ ಕೀಬೋರ್ಡಿನ ಟಕಟಕ ಶುರುವಾಯಿತು. ನಿಂತಿತು. ಮತ್ತೆ ಶುರುವಾಯಿತು. ಮಗಳ ಬದುಕು ಬೀದಿಗೆ ಬಿದ್ದಿದೆ, ಇವನಿಗೆ ಕರಡು ತಿದ್ದುವ ಧ್ಯಾನ! ಅವಳ ಮೈಯೆಲ್ಲ ಉರಿಯಿತು.

ಸದ್ದು ನಿಂತಿತು. ಅವಳ ಪರದೆಯ ಮೇಲೆ ಉತ್ತರ ಬಂದಿತ್ತು: "ಮಗಳು ಇದ್ದಾಳೆ. ನಾನು ಬರೆದದ್ದರಲ್ಲಿ ಅದೊಂದೇ ನಿಜ. ಬೇಡ ಅಂದರೂ ಅದೇ ಬೋರ್ಡ್ ತಂದಳು. ದುಡ್ಡಿಗಾಗಿ ಅದನ್ನು ಹೊಗಳಿ ಬರೆದವನು ನಾನೇ ಅನ್ನಲು ಬಾಯಿ ಬರಲಿಲ್ಲ. ಈಗ ಪಕ್ಕದ ಕೋಣೆಯಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಾಳೆ."