ಬೆನ್ನು ಹತ್ತಿದ ಜೀಪು

ಹತ್ತು ವರ್ಷದ ಹಿಂದೆ, ಮೊದಲ ಮಗು ಹುಟ್ಟಿದ ದಿನ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಡ್ರೈವರ್ ತನ್ನ ಅತ್ತೆಗೆ ಮಾತು ಕೊಟ್ಟಿದ್ದ: "ಗುರುತು ಪರಿಚಯ ಇಲ್ಲದವರ ಕೈಗೆ ನನ್ನ ಮಕ್ಕಳು ಸಿಗೋಕೆ ಬಿಡಲ್ಲ, ಅತ್ತೆ. ಒಂದು ಗಳಿಗೆಗೂ ಬಿಡಲ್ಲ."

"ಡ್ರೈವರಿಗೆ ಕಣ್ಣು ರಸ್ತೆ ಮೇಲಿರುತ್ತಪ್ಪ. ಮಕ್ಕಳ ಮೇಲೆ ಎಲ್ಲಿರುತ್ತೆ?" ಎಂದಿದ್ದರು ಅತ್ತೆ.

ಅದು ಈಗ ನೆನಪಾಗಲು ಕಾರಣ, ಬಲಗಡೆಯ ಕನ್ನಡಿಯಲ್ಲಿ ಮತ್ತೆ ಕಾಣಿಸಿಕೊಂಡ ಬಿಳಿ ಜೀಪು.

"ಅವನೇ," ಎಂದ.

ಹೆಂಡತಿ ತೊಡೆಯ ಮೇಲಿದ್ದ ಮೂರು ವರ್ಷದ ಪುಟ್ಟಿಯನ್ನು ಅವಚಿಕೊಂಡಳು. "ನಾನು ಬೆಳಿಗ್ಗೆನೇ ಹೇಳಲಿಲ್ವಾ ರೀ? ಆ ಮನುಷ್ಯ ಸರಿ ಇಲ್ಲ ಅಂತ."

ಡೇರೆ ಹೂಡುತ್ತಾ ಕೀಳುತ್ತಾ ಊರೂರು ತಿರುಗಲು ಹೊರಟು ಇಪ್ಪತ್ಮೂರು ದಿನವಾಗಿತ್ತು. ಹದಿನೈದು ವರ್ಷ ಬಸ್ಸು ಓಡಿಸಿ ಉಳಿಸಿಕೊಂಡ ರಜೆಯನ್ನೆಲ್ಲ ಒಟ್ಟಿಗೆ ಸುರಿದ ಪ್ರವಾಸ. ಹಳೆಯ ವ್ಯಾನಿನ ತುಂಬ ಡೇರೆ, ಸ್ಟೌ, ನೀರಿನ ಕ್ಯಾನು, ಹಾಸಿಗೆಯ ಸುರುಳಿಗಳು. ಒಳಗನ್ನಡಿಯಲ್ಲಿ ಗಂಟುಮೂಟೆ ಬಿಟ್ಟರೆ ಇನ್ನೇನೂ ಕಾಣದು. ಹಾಗಾಗಿ ಬಸ್ಸಿನ ಶಿಸ್ತನ್ನೇ ಇಲ್ಲಿಗೂ ತಂದಿದ್ದ. ಹೊರಡುವ ಮುಂಚೆ ಅವನು "ಲೆಕ್ಕ!" ಎಂದು ಕೂಗಬೇಕು. ದೊಡ್ಡವನು "ಒಂದು", ನಡುವಿನವಳು "ಎರಡು", ಪುಟ್ಟಿ "ಮೂರು" ಎನ್ನಬೇಕು. ಆಮೇಲೆ "ರೈಟ್!" ಇಪ್ಪತ್ಮೂರು ದಿನದಲ್ಲಿ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ.

ದೊಡ್ಡವನಿಗೆ ಅಜ್ಜಿ ಇಟ್ಟ ಹೆಸರು ಗಿಣಿ. ಲಾರಿಯ ಹಾರನ್ನು, ಅಜ್ಜಿಯ ಕೆಮ್ಮು, ಅಪ್ಪನ ಗೊರಕೆ, ಕೇಳಿದ್ದೆಲ್ಲ ಅವನ ಗಂಟಲಲ್ಲಿತ್ತು. ಆರು ವರ್ಷದ ನಡುವಿನವಳು ನಿದ್ದೆಬುರುಕಿ. ವ್ಯಾನು ಹತ್ತಿದ್ದೇ ತಡ, ಹಿಂದಿನ ಹಾಸಿಗೆಗಳ ನಡುವಿನ ಗೂಡಿಗೆ ನುಗ್ಗಿ ಹೊದ್ದು ಮಲಗುವವಳು.

ನಿನ್ನೆ ರಾತ್ರಿ ತಂಗಿದ್ದ ಕಡೆ ಪಕ್ಕದ ಡೇರೆಯ ಗಡ್ಡದವನು ಒಬ್ಬಂಟಿ. ಬಿಳಿ ಜೀಪು ಅವನದೇ. ಬೆಳಿಗ್ಗೆ ತಾನಾಗಿಯೇ ಬಂದು, "ಎಷ್ಟು ಮಕ್ಕಳು ನಿಮಗೆ?" ಎಂದು ಕೇಳಿದ್ದ. ಉತ್ತರಕ್ಕೂ ಕಾಯದೆ ಕಣ್ಣಲ್ಲೇ ಎಣಿಸಿಕೊಂಡಿದ್ದ. ಮಧ್ಯಾಹ್ನ ನೋಡಿದರೆ ನಲ್ಲಿಯ ಹತ್ತಿರ ನಿದ್ದೆಬುರುಕಿಯ ಎದುರು ಕುಕ್ಕರಗಾಲಲ್ಲಿ ಕೂತಿದ್ದಾನೆ! ಅವಳ ಒಂದು ಚಪ್ಪಲಿ ಅವನ ಕೈಯಲ್ಲಿ.

"ಬಾರು ಕಿತ್ತಿದೆ. ಹೊಲಿದು ಕೊಡ್ತೀನಿ ಅಂದೆ, ಅಷ್ಟೇ ಅಮ್ಮ," ಎಂದ.

ತಾಯಿ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು.

"ಅಮ್ಮಾ, ನನ್ನ ಚಪ್ಪಲಿ!"

"ಹೋದ್ರೆ ಹೋಗ್ಲಿ. ನಡಿ, ವ್ಯಾನ್ ಹತ್ತು!"

ಹುಡುಗಿ ಮುಖ ಊದಿಸಿಕೊಂಡು ಹಿಂದಿನ ಬಾಗಿಲ ಕಡೆ ನಡೆದಳು. ಗಂಡ ಹೆಂಡತಿ ಸೇರಿ ಹತ್ತೇ ನಿಮಿಷದಲ್ಲಿ ಡೇರೆ ಕಿತ್ತು ಸಿಕ್ಕಲ್ಲಿ ತುರುಕಿದರು. ಲೆಕ್ಕ. ಒಂದು, ಎರಡು, ಮೂರು. ರೈಟ್.

ಅರ್ಧ ಗಂಟೆ ಕಳೆದಿರಲಿಲ್ಲ, ಜೀಪು ಬೆನ್ನು ಹತ್ತಿತ್ತು.

ಹಗಲಲ್ಲೂ ಲೈಟು ಮಿನುಗಿಸುತ್ತಿದ್ದ. ಬಿಡದೆ ಹಾರನ್ನು. ಗಿಣಿ ಆ ಹಾರನ್ನನ್ನೂ ಅನುಕರಿಸಿ ಒಂದು ಬೈಗುಳ ತಿಂದ. ಫೋನಿಗೆ ಸಿಗ್ನಲ್ ಇಲ್ಲ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಒಮ್ಮೆ ಜೀಪು ಪಕ್ಕಕ್ಕೇ ಬಂತು. ಗಡ್ಡದವನು ಏನೋ ಅರಚಿದ. ಗಾಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಆಮೇಲೆ ಕೈ ಹೊರಚಾಚಿ ಎರಡು ಬೆರಳು ತೋರಿಸಿದ.

"ಎರಡು ಅಂದ್ರೆ ಏನ್ರೀ?"

"ಎರಡೇ ನಿಮಿಷದಲ್ಲಿ ಕಥೆ ಮುಗಿಸ್ತೀನಿ ಅಂತಿರಬೇಕು," ಎನ್ನುತ್ತಾ ಡ್ರೈವರ್ ಸ್ಟಿಯರಿಂಗ್ ತಿರುಗಿಸಿ ದಾರಿ ಅಡ್ಡಗಟ್ಟಿದ. ಜೀಪು ಹಿಂದೆ ಬಿತ್ತು. "ಲೆಕ್ಕ!"

"ಒಂದು." "ಎರಡು." "ಮೂರು."

ಎದೆ ಸ್ವಲ್ಪ ತಣ್ಣಗಾಯಿತು. ಮಕ್ಕಳು ಮೂವರೂ ಒಳಗಿದ್ದಾರೆ, ಬಾಗಿಲು ಭದ್ರವಾಗಿದೆ. ಹೊರಗಿನವನು ಹೊರಗೇ.

ಎಲ್ಲೂ ನಿಲ್ಲಿಸಲಿಲ್ಲ. ಗಿಣಿ ಒಂದಕ್ಕೆ ಅಂದಾಗ ಖಾಲಿ ಬಾಟಲಿ ಹಿಂದಕ್ಕೆ ಹೋಯಿತು. ಅದರ ಹಿಂದೆಯೇ ಬಿಸ್ಕತ್ತಿನ ಪೊಟ್ಟಣ.

"ಅವಳ ಪಾಲು ಎತ್ತಿಡೋ."

"ಇಟ್ಟಿದೀನಮ್ಮ," ಎಂದ ಗಿಣಿ. ಬಾಯಿ ತುಂಬಿತ್ತು.

ಹೊಳೆ ಕಂಡಾಗ ನಾಲ್ಕೂವರೆ. ಗಾಡಿಗಳನ್ನು ಆಚೆ ದಡಕ್ಕೆ ದಾಟಿಸುವ ಲಾಂಚಿನವನು ಹಲಗೆ ಎತ್ತುತ್ತಿದ್ದ. ಡ್ರೈವರ್ ಕೂಗುತ್ತಲೇ ವ್ಯಾನನ್ನು ಮೇಲೇರಿಸಿದ.

"ಇವತ್ತಿಗೆ ಇದೇ ಕೊನೆ. ಪುಣ್ಯ ಮಾಡಿದ್ದಿರಿ," ಎಂದ ಲಾಂಚಿನವನು. "ಹಿಂದೆ ಇನ್ನೊಂದು ಗಾಡಿ ಬರ್ತಿದೆಯಲ್ಲ, ನಿಮ್ಮವರಾ?"

"ನಮ್ಮವರು ಯಾರೂ ಇಲ್ಲ. ಹೊರಡಿ ಮಾರಾಯ್ರೇ, ಬೇಗ!"

ಲಾಂಚು ಹೊರಟಿತು. ದಡಕ್ಕೂ ಅವರಿಗೂ ನಡುವೆ ಮೊದಲು ಒಂದು ಮಾರು ನೀರು, ಆಮೇಲೆ ಹತ್ತು ಮಾರು. ಜೀಪು ಧೂಳೆಬ್ಬಿಸಿ ನೀರಂಚಿನಲ್ಲಿ ನಿಂತಿತು. ಗಡ್ಡದವನು ಜಿಗಿದು, ಹಿಂದಿನ ಬಾಗಿಲಿಗೆ ಓಡಿ, ಒಳಗಿಂದ ಏನನ್ನೋ ಎತ್ತಿಕೊಂಡ.

"ಅಯ್ಯೋ, ಕೋವಿನಾ ರೀ?" ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ಏನಾದರೂ ಇರಲಿ. ಇನ್ನು ಅವನ ಅಪ್ಪನಿಗೂ ನಾವು ಸಿಗಲ್ಲ." ಎಷ್ಟೋ ಹೊತ್ತಿನ ಮೇಲೆ ಡ್ರೈವರ್ ನಕ್ಕ. ಖುಷಿಗೇ ಕೂಗಿದ: "ಲೆಕ್ಕ!"

"ಒಂದು."

"ಎರಡು."

ಮೂರು ಬರಲಿಲ್ಲ. ಪುಟ್ಟಿ ಕಿಟಕಿಗೆ ಮೂಗು ಒತ್ತಿ ದಡದ ಕಡೆ ಕೈ ಬೀಸುತ್ತಿದ್ದಳು.

"ಅಕ್ಕ," ಎಂದಳು.

ಡ್ರೈವರ್ ಈ ಪ್ರವಾಸದಲ್ಲಿ ಮೊದಲ ಸಲ, ಲೆಕ್ಕ ಹಾಕುವಾಗ ಪೂರ್ತಿ ಹಿಂದಕ್ಕೆ ತಿರುಗಿದ. "ಎರಡು?"

"ಎರಡು," ಎಂದಿತು ಅದೇ ನಿದ್ದೆಗಣ್ಣಿನ ಸಣ್ಣ ದನಿ. ಅಲ್ಲಾಡಿದ್ದು ಗಿಣಿಯ ತುಟಿ.

"ಅವಳು ಮಲಗಿರ್ತಾಳಲ್ಲಪ್ಪ," ಎಂದ ಗಿಣಿ, ಅಪ್ಪನ ಮುಖ ನೋಡಿ ಹೆದರಿ. "ದಿನಾ ನಾನೇ ಹೇಳೋದು."

ದಡದಲ್ಲಿ, ಗುರುತು ಪರಿಚಯ ಇಲ್ಲದವನ ಹೆಗಲ ಮೇಲೆ ಕೂತು, ನಿದ್ದೆಬುರುಕಿ ಹೊಲಿದ ಚಪ್ಪಲಿಯನ್ನು ಬೀಸುತ್ತಿದ್ದಳು. ಅತ್ತೆಗೆ ಕೊಟ್ಟ ಮಾತು ಮುರಿದು ಎರಡೂವರೆ ಗಂಟೆಯಾಗಿತ್ತು.