ಕೆಂಪು ಲಾಟೀನಿನ ಹೋಟೆಲು

ಅಪ್ಪ ಆ ಹೋಟೆಲಿನ ಕಥೆ ಮತ್ತೆ ಶುರು ಮಾಡಿದ್ದೇ ಚಿತ್ತರಂಜನನ ನೆತ್ತಿ ಕಾದಿತು.

ಅತ್ತಾವರದ ಮನೆಯ ಚಾವಡಿಯಲ್ಲಿ ಅವನ ಮದುವೆಯ ಮಾತುಕತೆ. ಹೆಣ್ಣಿನ ತಂದೆ ಮಹಾಬಲ ರೈಗಳು ಪಡೀಲಿನಿಂದ ಬಂದಿದ್ದರು. ನಡುವೆ ಎಲೆಯಡಿಕೆಯ ಹರಿವಾಣ. ಜಾತಿ ಒಂದೇ, ಗೋತ್ರದಂಥ ಬಳಿ ಬೇರೆ, ಎಲ್ಲ ಕೂಡಿಬಂದಿತ್ತು. ಉಳಿದದ್ದು ಊಟದ ವಿಷಯ. ಗಂಡಿನ ಎಲೆಗೆ ಅವನಿಗೆ ಇಷ್ಟವಾದದ್ದನ್ನೇ ಬಡಿಸಬೇಕು, ಅದು ಕ್ರಮ. "ಇವನಿಗೆ ಎಂತ ಇಷ್ಟ?" ಎಂದು ರೈಗಳು ಕೇಳಿದರು. ಚಿತ್ತರಂಜನ ಕಂಬಕ್ಕೆ ಒರಗಿ ಅಲ್ಲೇ ನಿಂತಿದ್ದ. ಕೇಳಿದ್ದು ಮಾತ್ರ ಅಪ್ಪನನ್ನು.

"ಎಪ್ಪತ್ತರಲ್ಲಿ ನಾವು ಜಪಾನಿಗೆ ಹೋಗಿದ್ದೆವಲ್ಲ ರೈಗಳೇ," ಎಂದರು ಗುಣಪಾಲ ಶೆಟ್ಟರು. ಹಂಪನಕಟ್ಟೆಯಲ್ಲಿ ಹೋಟೆಲು ನಡೆಸುವವರು, ಊಟದ ಮಾತೆಂದರೆ ಉದ್ದವೇ. "ನನ್ನ ಬಾವ ಕೋಬೆಯಲ್ಲಿ ಹಡಗಿನ ಕಂಪೆನಿಯಲ್ಲಿದ್ದರು. ಅಲ್ಲೊಂದು ಆಟದ ಪಾರ್ಕು. ರೈಲು ಉಂಟು, ತಿರುಗುವ ತೊಟ್ಟಿಲು ಉಂಟು, ನಡುವೆ ಕೊಳ. ಕೊಳದ ಈಚೆ ಒಂದು ಹೋಟೆಲು, ಆಚೆ ಒಂದು."

ಈಚೆಯದಕ್ಕೆ ನೀಲಿ ಪರದೆ. ಒಳಗೆ ಅನ್ನದ ಮೇಲೆ ಹಸಿ ಮೀನು. ಆಚೆಯದಕ್ಕೆ ಸಾಲು ಸಾಲು ಕೆಂಪು ಕಾಗದದ ಲಾಟೀನು. ಗಾಜಿನ ಹಿಂದೆ ಮೇಣದಲ್ಲಿ ಮಾಡಿಟ್ಟ ಬಟ್ಟಲು, ಅದರಲ್ಲಿ ಸಾರು, ಉದ್ದುದ್ದ ಶ್ಯಾವಿಗೆ, ಮೇಲೆ ಹುರಿದ ಸಿಗಡಿ. ಚಿತ್ತರಂಜನನಿಗೆ ಅದು ಈಗಲೂ ಕಣ್ಣಿಗೆ ಕಟ್ಟಿದಂತಿತ್ತು.

"ಇವನಿಗೆ ಆ ಸಿಗಡಿಯೇ, ನಮ್ಮ ಎಟ್ಟಿಯೇ ಬೇಕಂತೆ! ಎಟ್ಟಿ ತಿನ್ನಲು ಕಡಲು ದಾಟಬೇಕಾ ಮಾರಾಯ್ರೆ? ನಮ್ಮ ಬಂದರಿನಲ್ಲಿ ಸಿಗುವುದಿಲ್ವಾ? ಹಸಿ ಮೀನು ಹೇಗೆ ಕೊಯ್ಯುತ್ತಾರೆ ನೋಡುವ ಅಂತ ನನಗೆ. ಇವನದ್ದು ಹಟ. ಒಬ್ಬನೇ ಓಡಿದ."

ಓಡುವ ಮೊದಲು ತನ್ನ ಕೆನ್ನೆಗೆ ಬಿದ್ದ ಪೆಟ್ಟಿನ ಮಾತನ್ನು ಅಪ್ಪ ಎತ್ತಲಿಲ್ಲ. ಎಂದೂ ಎತ್ತಿದವರಲ್ಲ.

ಆ ಪ್ರವಾಸದ ಮೇಲೆ ಚಿತ್ತರಂಜನ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ನಾಲ್ಕನೇ ಕ್ಲಾಸಿಗೇ ಮುಗಿಯಿತು. ಜತೆಗೆ ಓದಿದವರು ಮೀಸೆ ತಿರುವಿಕೊಂಡು ಬೊಂಬಾಯಿಗೆ, ದುಬಾಯಿಗೆ ಹಾರಿದರು. ಇವನಿಗೆ ಈ ಚಾವಡಿ, ಈ ಅಟ್ಟ, ಈ ಅಂಗಳ. ಗೇಟಿನವರೆಗೆ ಹೋದರೆ ಕಾಲು ತಾನಾಗಿ ಹಿಂದೆ ತಿರುಗುತ್ತಿತ್ತು.

ತಂಗಿ ಆಶಾಲತಾಳ ಸಂಬಂಧ ಎರಡು ಸಲ ನಿಶ್ಚಯವಾಗಿ ಮುರಿದಿತ್ತು. ದೊಡ್ಡವನದ್ದು ಆಗದೆ ಚಿಕ್ಕವಳದ್ದು ಆಗುವುದಿಲ್ಲ ಎಂದು ಹಿರಿಯರು ಹೇಳಿದ ಮೇಲೆಯೇ ಅಪ್ಪ ಇವನಿಗೆ ಹೆಣ್ಣು ಹುಡುಕಲು ಹೊರಟದ್ದು. ಮದುವೆಯಾದರೆ ಈ ಮನೆಯಿಂದ ಬಿಡುಗಡೆ, ಅದು ಅವನಿಗೂ ಗೊತ್ತಿತ್ತು. ಆದರೆ ಅವನದೂ ಒಂದು ಶರತ್ತಿತ್ತು. ಆ ದಿನದ ತಪ್ಪು ತನ್ನದೆಂದು ಅಪ್ಪ ಒಂದೇ ಒಂದು ಸಲ ಬಾಯಿಬಿಟ್ಟು ಹೇಳಬೇಕು. ಇಲ್ಲವೋ, ಈ ಮದುವೆ ಆಗಗೊಡುವುದಿಲ್ಲ. ತಂಗಿ ಮೂಲೆಯಲ್ಲಿ ಬಾಡಲಿ. ತಾನೂ ಇಲ್ಲೇ ಕೊಳೆಯುವುದು.

"ಹುಡುಗ ಸಿಟ್ಟಿನವ ಅಂತ ಕೇಳಿದ್ದೇನೆ," ಎಂದರು ರೈಗಳು.

"ಸಿಟ್ಟು ಉಂಟು," ಅಮ್ಮ ಉಮಾವತಿ ಒಳಬಾಗಿಲಿನಿಂದ ಹೇಳಿದಳು. "ಮೊನ್ನೆ ಅಟ್ಟದಿಂದ ತಾಮ್ರದ ಹಂಡೆಯನ್ನೇ ಉರುಳಿಸಿದ."

"ನಮ್ಮ ಸ್ನೇಹಲತಾನೂ ಕಮ್ಮಿ ಇಲ್ಲ ಅಕ್ಕಾ. ಬಾವಿಕಟ್ಟೆ ಬಿಟ್ಟು ಕದಲುವುದಿಲ್ಲ. ನೀರು ಸೇದಲು ಹೋದವರಿಗೆಲ್ಲ ಅವಳ ಕಾಟ."

"ಸರಿಯಾದ ಜೋಡಿ," ಎಂದು ಅಪ್ಪ ನಗಲು ನೋಡಿದರು. "ಹಾಗಾದರೆ ಎಲೆಗೆ ಅಂಜಲ್ ಮೀನೇ ಆಗಲಿ. ಅಲ್ಲಿ ನಾನು ಕರೆದದ್ದೂ ಮೀನಿನ ಹೋಟೆಲಿಗೇ ಅಲ್ವಾ?"

"ನನಗೆ ಬೇಡ!" ಚಿತ್ತರಂಜನ ಕಿರುಚಿದ.

ಯಾರೂ ತಿರುಗಿ ನೋಡಲಿಲ್ಲ. ಹಿರಿಯರು ಕೂತಲ್ಲಿ ಮದುವೆ ಗಂಡಿನ ಮಾತು ಯಾರಿಗೆ ಬೇಕು? ಅವನು ಒಂದೇ ನೆಗೆತಕ್ಕೆ ಬಂದು ಕೈ ಬೀಸಿದ. ಹರಿವಾಣ ಮಗುಚಿತು. ಅಡಿಕೆ ಉರುಳಿ ಉರುಳಿ ರೈಗಳ ಕಾಲಬುಡಕ್ಕೆ ಹೋಗಿ ನಿಂತಿತು.

ಚಾವಡಿ ತಣ್ಣಗಾಯಿತು. ರೈಗಳು ಶಾಲು ಹೆಗಲಿಗೇರಿಸಿ ಎದ್ದರು. "ಅವನಿಗೆ ಒಪ್ಪಿಗೆ ಇಲ್ಲ ಅಂತ ಕಾಣ್ತದೆ ಶೆಟ್ರೆ. ಒತ್ತಾಯ ಮಾಡುವ ಸಂಗತಿ ಅಲ್ಲ ಇದು."

"ಅಣ್ಣಾ..." ಆಶಾಲತಾ ಬಾಗಿಲಲ್ಲಿ ಬಂದು ನಿಂತಿದ್ದಳು. ಮುಖ ಬಿಳುಚಿತ್ತು. ಅವಳು ಕಂಬದ ಕಡೆ ನೋಡುತ್ತಿದ್ದಳು. ಅವನಿದ್ದದ್ದು ಹರಿವಾಣದ ಹತ್ತಿರ.

ಉಮಾವತಿ ಗಂಡನ ಎದುರಿಗೆ ಬಂದಳು. ಅಷ್ಟು ವರ್ಷದಲ್ಲಿ ಹಾಗೆ ಬಂದವಳಲ್ಲ. "ಇನ್ನಾದರೂ ಹೇಳಿಬಿಡಿ. ಅವನು ಹೇಳಿದಲ್ಲಿಗೇ ಹೋಗಬಹುದಿತ್ತು. ಕೊಳದ ಮೇಲಿನ ಒಂದು ಸಣ್ಣ ಸಂಕ ದಾಟಿದರೆ ಆಗ್ತಿತ್ತು. ಮಗುವಿನ ಕೈ ಹಿಡಿದುಕೊಂಡು ದಾಟಬಹುದಿತ್ತು."

ಗುಣಪಾಲ ಶೆಟ್ಟರು ಅಡಿಕೆ ಹೆಕ್ಕಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ.

"ಶ್ಯಾವಿಗೆ ಒತ್ತು ಉಮಾ," ಎಂದರು ನೆಲದ ಕಡೆಗೇ. "ಬಿಸಿ ಸಾರು ಹೊಯ್ಯಿ. ಎಟ್ಟಿ ಹುರಿದು ಮೇಲೆ ಇಡು." ಮಗುಚಿದ ಹರಿವಾಣವನ್ನು ನೆಟ್ಟಗಿಟ್ಟರು. "ನಾನು ಕೈ ಎತ್ತಬಾರದಿತ್ತು ಮಗಾ. ನೀನು ಹೇಳಿದ ಹೋಟೆಲೇ ಸರಿ. ತಪ್ಪು ನನ್ನದು."

ಚಿತ್ತರಂಜನನ ಮುಷ್ಟಿ ಸಡಿಲಾಯಿತು. ಬೈಯಲೆಂದು ಕೂಡಿಟ್ಟ ಮಾತುಗಳೆಲ್ಲ ಎಲ್ಲಿಗೆ ಹೋದವೋ! ಅಂಗಳದಾಚೆ ಗೇಟು ಕಂಡಿತು. ಮೊದಲ ಸಲ ಅದು ದೂರ ಎನಿಸಲಿಲ್ಲ.

ಚಾವಡಿಯಲ್ಲಿ ಮತ್ತೆ ಏನೂ ಉರುಳಲಿಲ್ಲ. ಕಾದು ನೋಡಿ ರೈಗಳು ಕೂತರು. "ಆಟಿ ತಿಂಗಳು ಮುಗಿಯುವ ಮೊದಲೇ ಮಾಡಿಬಿಡುವ," ಎಂದರು.

ಆಟಿಯ ಒಂದು ಸಂಜೆ ಅದೇ ಚಾವಡಿಯಲ್ಲಿ ಎರಡು ಮಣೆ ಹಾಕಿದರು. ಒಂದರ ಮೇಲೆ ಸೀರೆ, ಬಳೆ, ಕರಿಮಣಿ. ಇನ್ನೊಂದರ ಮೇಲೆ ಪಂಚೆ, ಶಾಲು. ಎದುರಿನ ಎಲೆಯಲ್ಲಿ ಹಬೆಯಾಡುವ ಬಟ್ಟಲು. ಮಣೆಗಳ ಮೇಲೆ ಯಾರೂ ಕೂತಿರಲಿಲ್ಲ. ಸತ್ತ ಮಕ್ಕಳೂ ಮನೆಯಲ್ಲೇ ಬೆಳೆದು ಪ್ರಾಯಕ್ಕೆ ಬರುತ್ತಾರೆ, ಆದರೆ ಕುಲೆಗಳ ಮದುವೆಯಲ್ಲಿ ಮಣೆ ಖಾಲಿಯೇ ಇರುತ್ತದೆ.

ಉಮಾವತಿ ಆ ಹೊಸ ಪಂಚೆಯ ಮೇಲೆ, ಜಪಾನಿನ ಕೊಳದಿಂದ ಎತ್ತಿದಾಗ ಮಗನ ಕಾಲಲ್ಲಿ ಉಳಿದಿದ್ದ ಒಂಟಿ ಪುಟ್ಟ ಬೂಟನ್ನು ಇಟ್ಟಳು.